ಮಿಸ್ ವರ್ಡಿಯ ಅಂಗಿ ಕತ್ತರಿಸಿದ ದಿನ

ಜಾರ್ಜಿಯಾದ ನಮ್ಮ ಮೂಲೆಯಲ್ಲಿ ಮಿಸ್ ವರ್ಡಿ ಸ್ಟಬ್ಸ್ ಓಡಿಸುತ್ತಿದ್ದ ಹಳದಿ ಬಸ್ಸು ಹತ್ತದೆ ಶಾಲೆ ಮುಗಿಸಿದವರು ಕಡಿಮೆ. ಶೆರೀಫ್ ಹತ್ತಿದ್ದ, ಪಾದ್ರಿ ಹತ್ತಿದ್ದ, ನಾನೂ ಹತ್ತಿದ್ದೆ. ಹಿಂದಿನ ಸೀಟಿನಲ್ಲಿ ಯಾರೋ ಯಾರದೋ ಜಡೆ ಎಳೆದರೆ ಮುಂದಿನ ಕನ್ನಡಿಯಲ್ಲಿ ಎರಡು ಕಣ್ಣು ಕಾಣಿಸುತ್ತಿದ್ದವು. ಅಷ್ಟಕ್ಕೇ ಎಳೆದ ಕೈ ಬಂದು ತೊಡೆಯ ಮೇಲೆ ಕೂರುತ್ತಿತ್ತು. ಅವರು ಬಸ್ಸು ಬಿಟ್ಟು ಎಷ್ಟೋ ವರ್ಷವಾಯಿತು. ಈಗಲೂ ಅಂಗಡಿಯೊಳಗೆ ಕಾಲಿಟ್ಟರೆ ಗಡ್ಡ ನರೆತ ಗಂಡಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಅವರ ಮನೆಗೆ ಅಂಟಿಕೊಂಡಂತೆ ಅವರ ಅಕ್ಕ ಕ್ಲಿಯೋ ಮನೆ. ನಡುವೆ ಬೇಲಿಯಿಲ್ಲ, ಒಂದು ಪೆಕಾನ್ ಮರವಿದೆ. ಕಾಯಿ ಯಾರ ಕಡೆ ಬಿದ್ದರೆ ಅವರದು ಎಂದು ಒಪ್ಪಂದ. ಗಾಳಿ ಜೋರಾಗಿ ಬೀಸಿತೆಂದರೆ ಬೆಳಿಗ್ಗೆ ಜಗಳ ಖಾತ್ರಿ. ಇಬ್ಬರೂ ಗಂಡನನ್ನು ಕಳೆದುಕೊಂಡವರು (ಮದುವೆಯಾದವರಾದರೂ ಹಿರಿಯ ಹೆಂಗಸರನ್ನು ನಮ್ಮಲ್ಲಿ ಗೌರವಕ್ಕೆ ಮಿಸ್ ಅಂತಲೇ ಕರೆಯುವುದು), ಇಬ್ಬರೂ ನಮ್ಮ ಜಿಂಕೆ ಬೇಟೆ ಕ್ಲಬ್ಬಿನ ಹಳೇ ಸದಸ್ಯರು.

ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಜಿಂಕೆ ಎದುರಿಗೆ ಸಿಕ್ಕಿಯೂ ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಅಂಚನ್ನು ಎಲ್ಲರ ಮುಂದೆ ಕತ್ತರಿಸಿ, ಹೆಸರು ಬರೆದು, ಶೆಡ್ಡಿನ ಗೋಡೆಗೆ ಮೊಳೆ ಹೊಡೆಯುತ್ತೇವೆ. ಆ ಗೋಡೆ ನೋಡಿದರೆ ಊರಿಗೆ ಊರೇ ಬಟ್ಟೆ ಒಗೆದು ಹರವಿದೆ ಅನ್ನಬೇಕು. ಅಲ್ಲಿ ಎಲ್ಲರ ಹೆಸರೂ ಇತ್ತು, ಮಿಸ್ ವರ್ಡಿಯದೊಂದು ಬಿಟ್ಟು.

ಹೋದ ಬಾರಿಯ ಶಾಸನಸಭೆ ಚುನಾವಣೆ ಬಂತು. ಮಕ್ಕಳು ಓಡಾಡುವ ಮನೆಯಲ್ಲಿ ಬಂದೂಕಿಗೆ ಬೀಗ ಇರಲೇಬೇಕು ಎಂದು ಕಾನೂನು ತರುತ್ತೇನೆ ಅಂದಳು ನೆಡ್ರಾ ಬ್ಯಾಸ್ ಎಂಬ ಅಭ್ಯರ್ಥಿ. ನನ್ನ ಹೆಣದ ಮೇಲೆ ತನ್ನಿ ಅಂದ ಎದುರಾಳಿ ಗ್ರೇಡಿ ಮಿಕ್ಸನ್. ಅಲ್ಲಿಂದ ಶುರುವಾಯಿತು ನೋಡಿ. ಚರ್ಚಿನ ಮೆಟ್ಟಿಲ ಮೇಲೆ ಅದೇ ಮಾತು, ಕ್ಷೌರದ ಕುರ್ಚಿಯಲ್ಲಿ ಅದೇ ಮಾತು. ಮಿಸ್ ವರ್ಡಿ ತಮ್ಮ ಅಂಗಳದಲ್ಲಿ ನೆಡ್ರಾಳ ಬೋರ್ಡು ನೆಟ್ಟರು. ಮಧ್ಯಾಹ್ನದೊಳಗೆ ಪೆಕಾನ್ ಮರದ ಆಚೆಗೆ ಮಿಕ್ಸನ್ನನ ಬೋರ್ಡು ಎದ್ದಿತು, ಒಂದು ಗೇಣು ಎತ್ತರವಾಗಿಯೇ.

"ಇವತ್ತು ಬೀಗ ಹಾಕಿ ಅಂತಾರೆ, ನಾಳೆ ಬೀಗದ ಕೈ ನಮ್ಮ ಹತ್ರ ಕೊಡಿ ಅಂತಾರೆ" ಎಂದರು ಕ್ಲಿಯೋ ವರಾಂಡದಿಂದ.

"ನಿನ್ನ ಕೇಕಿನ ಕಪಾಟಿಗೆ ಬೀಗ ಜಡಿದಿದೀಯಲ್ಲಕ್ಕಾ, ಅದನ್ನ ಯಾವ ಸರ್ಕಾರ ಹೇಳಿತ್ತು?"

"ಅದು ನಿನ್ನ ಕಾಟಕ್ಕೆ ಕಣೇ."

ಕ್ಲಿಯೋ ಬಂದೂಕು ಅಡಿಗೆಮನೆ ಬಾಗಿಲ ಹಿಂದೆ, ಗುಂಡು ತುಂಬಿಯೇ ನಿಂತಿರುತ್ತಿತ್ತು. ಅವರ ಅಪ್ಪನ ಕಾಲದಲ್ಲೂ ಅದು ಅಲ್ಲೇ ನಿಲ್ಲುತ್ತಿತ್ತು. ಆದರೆ ಆ ವರ್ಷ ಮರಿಮಗಳು ಓಪಲ್ ನಡೆಯಲು ಕಲಿತಿದ್ದಳು. ವಾರಾಂತ್ಯಕ್ಕೆ ಬಂದರೆ ಸಿಕ್ಕ ಸಿಕ್ಕ ಬಾಗಿಲು ತಳ್ಳುವುದೇ ಅವಳ ಕೆಲಸ. ಮಿಸ್ ವರ್ಡಿಗೆ ನೆಡ್ರಾ ಗೆಲ್ಲುವುದಕ್ಕಿಂತ ಆ ಬಾಗಿಲ ಹಿಂದಿನದಕ್ಕೆ ಬೀಗ ಬೀಳಲಿ ಎಂಬ ಆಸೆಯೇ ದೊಡ್ಡದಾಗಿತ್ತು.

ಅದಕ್ಕೆ ಕಾರಣವೂ ಇತ್ತು. ಬಸ್ಸಿನ ದಿನಗಳಲ್ಲಿ ಒಂದು ಬೆಳಿಗ್ಗೆ, ಒಂದನೇ ತರಗತಿಯ ಹುಡುಗಿಯೊಬ್ಬಳು ಊಟದ ಡಬ್ಬಿಯಿಂದ ಅಪ್ಪನ ಪಿಸ್ತೂಲು ತೆಗೆದು "ಚೆನ್ನಾಗಿದೆಯಾ?" ಎಂದು ತೋರಿಸಿದ್ದಳಂತೆ. "ತುಂಬಾ ಚೆನ್ನಾಗಿದೆ ಚಿನ್ನ, ಕೊಡು, ನಾನು ಇಟ್ಕೊಂಡಿರ್ತೀನಿ" ಎಂದು ಕೈಚಾಚಿ ತೆಗೆದುಕೊಂಡು, ಬಸ್ಸು ನಿಲ್ಲಿಸಿ ಗುಂಡು ಹೊರತೆಗೆದು, ಶಾಲೆಯವರೆಗೂ ಹಾಡು ಹೇಳಿಸುತ್ತಾ ಬಸ್ಸು ಓಡಿಸಿದರು. ಆ ಹುಡುಗಿ ಯಾರೆಂದು ಊರಿಗೆ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ಅವರ ಬಂದೂಕಿನ ಟ್ರಿಗರ್‌ಗೆ ಹಿತ್ತಾಳೆ ಬೀಗ.

"ನಿನ್ನ ಬೀಗದ ದೆಸೆಯಿಂದ ಒಂದಲ್ಲ ಒಂದು ದಿನ ಜಿಂಕೆ ಕಳ್ಕೋತೀಯ" ಎಂದರು ಕ್ಲಿಯೋ. "ಕಾಡುನಾಯಿ ಕೋಳಿಗೂಡಿಗೆ ನುಗ್ಗಿದಾಗ, 'ತಾಳಪ್ಪಾ, ಬೀಗದ ಕೈ ಹುಡುಕ್ತಿದೀನಿ' ಅಂತ ನಾನು ಅದಕ್ಕೆ ಹೇಳ್ಲಾ?"

"ಕಟ್ಟು ಬಾಜಿ" ಎಂದರು ಮಿಸ್ ವರ್ಡಿ. "ಬೇಟೆ ಶುರುವಾಗೋ ಶನಿವಾರ ಬೀಗದಿಂದ ನನಗೆ ಜಿಂಕೆ ತಪ್ಪಿದ್ರೆ, ನೆಡ್ರಾ ಬೋರ್ಡು ಕಿತ್ತು ನಿನ್ನ ಮಿಕ್ಸನ್‌ನ ನಿಲ್ಲಿಸ್ತೀನಿ, ಬೀಗದ ಮಾತು ಮತ್ತೆ ಎತ್ತಲ್ಲ. ತಪ್ಪದಿದ್ರೆ ನಿನ್ನ ಬಾಗಿಲ ಹಿಂದಿನದಕ್ಕೆ ಬೀಗ."

ಕ್ಲಿಯೋ ಅಂಗೈಗೆ ಉಗುಳಿಕೊಂಡು ಕೈ ಕುಲುಕಿದರು.

ಆ ಶನಿವಾರ ಇನ್ನೂ ಕತ್ತಲಿರುವಾಗಲೇ ಕ್ಲಿಯೋ ಪಿಕಪ್ ಟ್ರಕ್ಕಿನಲ್ಲಿ ಕೂತು ಹಾರ್ನ್ ಬಾರಿಸತೊಡಗಿದರು. ಬಾರಿಸಿ ಸಾಕಾಗಿ, ನೆಡ್ರಾಳ ಮೂಗು ಹೇಗಿದೆ ಎಂದು ಕೂಗಿ ಹೇಳತೊಡಗಿದರು. ಮಿಸ್ ವರ್ಡಿಗೆ ಉತ್ತರ ಕೊಡದೆ ಇರಲಾಗಲಿಲ್ಲ. ಮಿಕ್ಸನ್ನನ ಹೊಟ್ಟೆಯ ಬಗ್ಗೆ ನಾಲ್ಕು ಮಾತು ಆಡುತ್ತಲೇ ಬಂದೂಕಿನ ಚೀಲ ಹೆಗಲಿಗೇರಿಸಿ ಟ್ರಕ್ಕು ಹತ್ತಿದರು. ಕಾಡಿಗೆ ಬಂದು, ತಮ್ಮ ಅಟ್ಟಣೆ ಏರಿ ಕೂತು ಚೀಲ ಬಿಚ್ಚಿದಾಗ ಬೆರಳಿಗೆ ಹಿತ್ತಾಳೆ ತಣ್ಣಗೆ ತಗುಲಿತು. ಬೀಗದ ಕೈ ಮನೆಯಲ್ಲಿ, ಒಲೆಯ ಪಕ್ಕದ ಮೊಳೆಯ ಮೇಲಿತ್ತು.

ಇಳಿದು ಹೋಗುವಂತೆಯೂ ಇರಲಿಲ್ಲ. ಕ್ಲಬ್ಬಿನ ಅಧ್ಯಕ್ಷನ ಹಾರ್ನ್ ಆಗುವ ತನಕ ನಮ್ಮಲ್ಲಿ ಯಾರೂ ಅಟ್ಟಣೆ ಇಳಿಯುವುದಿಲ್ಲ. ಮರಗಳ ನಡುವೆ ಅಲುಗಾಡಿದ್ದೆಲ್ಲ ಜಿಂಕೆಯೆಂದು ಕಾಣುವ ಹೊತ್ತು ಅದು. ಹಾಗಾಗಿ ಬೀಗ ಹಾಕಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಮಿಸ್ ವರ್ಡಿ ದೇವರಲ್ಲಿ ಬೇಡಿಕೊಂಡರು: ಸ್ವಾಮಿ, ಇವತ್ತೊಂದು ದಿನ ಜಿಂಕೆಗಳನ್ನೆಲ್ಲ ಹೊಳೆಯ ಆಚೆ ದಂಡೆಗೆ ಕಳಿಸಪ್ಪ.

ಬಂತು. ಹತ್ತು ಕವಲಿನ ಕೊಂಬಿನ ಗಂಡು, ಬೆಳಕನ್ನು ಬೆನ್ನ ಮೇಲೆ ಹೊತ್ತುಕೊಂಡು ಅಟ್ಟಣೆಯ ಬುಡಕ್ಕೇ ಬಂತು. ಓಕ್ ಕಾಯಿ ತಿಂದಿತು. ಪಕ್ಕೆ ತೋರಿಸಿ ನಿಂತಿತು, ಸಾಲದೆಂದು ತಿರುಗಿ ಇನ್ನೊಂದು ಪಕ್ಕೆಯನ್ನೂ ತೋರಿಸಿತು. ಆಮೇಲೆ ತಲೆಯೆತ್ತಿ ಇವರನ್ನು ಒಮ್ಮೆ ನೋಡಿ, ಸಂತೆಯಿಂದ ಮನೆಗೆ ಹೊರಟವರ ಹಾಗೆ ನಿಧಾನವಾಗಿ ನಡೆದುಹೋಯಿತು.

ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರೂ ಸೇರಿದೆವು. ದೊಡ್ಡ ಕಡಾಯಿಯಲ್ಲಿ ಹಂದಿಮಾಂಸ, ಮುಸುಕಿನ ಜೋಳ, ಟೊಮೇಟೊ ಕುದಿಯುತ್ತಿತ್ತು. ಬಕೆಟ್ಟಿನಲ್ಲಿ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ. ಓಟಿನ ಕಾಲವಲ್ಲವೇ, ಮಿಕ್ಸನ್ ಬಂದಿದ್ದ, ನೆಡ್ರಾಳೂ ಬಂದಿದ್ದಳು. ಇಬ್ಬರೂ ಕಡಾಯಿಯ ಎರಡು ಬದಿಗೆ ಬಟ್ಟಲು ಹಿಡಿದು ನಿಂತಿದ್ದರು. ಊರ ವಾರಪತ್ರಿಕೆಯ ಹುಡುಗಿ ಕ್ಯಾಮೆರಾ ಹಿಡಿದು ಸುತ್ತುತ್ತಿದ್ದಳು.

ಮಿಸ್ ವರ್ಡಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬಂದೂಕನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿ, "ಹಾಯ್ಟ್, ಕತ್ತರಿ ತಾ" ಎಂದರು.

ನಮ್ಮ ಅಧ್ಯಕ್ಷ ಹಾಯ್ಟ್ ಪಿಟ್‌ಮನ್‌ಗೆ ಕೈ ಬರಲಿಲ್ಲ. "ಮ್ಯಾಮ್, ನೀವು ಗುಂಡೇ ಹೊಡೆದಿಲ್ವಲ್ಲ..."

ಆಗ ಎದ್ದರು ನೋಡಿ ಕ್ಲಿಯೋ. ಗೆದ್ದವರು ಅವರೇ, ಆದರೂ ಮೊದಲು ಎದ್ದವರು ಅವರೇ. "ಯಾರೂ ಕತ್ತರಿ ಮುಟ್ಬೇಡಿ! ಗುರಿ ತಪ್ಪೋದು ಅಂದ್ರೆ ಗುಂಡು ಹಾರ್ಬೇಕು. ನಿಯಮ ಅಂದ್ರೆ ನಿಯಮ. ಗುಂಡಿಲ್ಲ ಅಂದ್ಮೇಲೆ ತಪ್ಪಿಲ್ಲ."

"ಓಹೋ, ನಿಂಗೆ ಯಾವಾಗಿಂದಕ್ಕಾ ನಿಯಮದ ಮೇಲೆ ಇಷ್ಟು ಪ್ರೀತಿ?"

"ಬಾಯ್ಮುಚ್ಚೇ, ನಿನ್ನನ್ನೇ ಉಳಿಸ್ತಾ ಇದೀನಿ!"

"ನನ್ನನ್ನ ಉಳಿಸ್ಬೇಡ. ಜಿಂಕೆ ಎದುರಿಗಿತ್ತು, ಹೋಯ್ತು. ಅಂಗಿ ಕತ್ತರಿಸಿ."

ಶೆಡ್ಡು ಎರಡು ಪಾಲಾಯಿತು. ಬೀಗದ ಕಾನೂನು ಬೇಡವೆಂದವರು ಕ್ಲಬ್ಬಿನ ನಿಯಮವನ್ನು ಅಕ್ಷರ ಅಕ್ಷರ ಓದತೊಡಗಿದರು. ಕಾನೂನು ಬೇಕೆಂದವರು "ನಿಯಮ ಇರ್ಲಿ, ನ್ಯಾಯ ನೋಡಿ" ಅನ್ನತೊಡಗಿದರು. ಹಾಯ್ಟ್ ಬೆವರೊರೆಸಿಕೊಂಡು ಅತಿಥಿಗಳ ಕಡೆ ತಿರುಗಿದ.

"ಇದು ಊರಿನವರೇ ಕೂತು ತೀರ್ಮಾನಿಸ್ಬೇಕಾದ ವಿಷಯ" ಎಂದ ಮಿಕ್ಸನ್.

"ಎರಡೂ ಕಡೆ ಮಾತಲ್ಲೂ ಅರ್ಥ ಇದೆ" ಎಂದಳು ನೆಡ್ರಾ.

"ಬಟ್ಟಲು ಕಿತ್ಕೊಳ್ರೋ ಇವರದ್ದು!" ಎಂದು ಯಾರೋ ಕೂಗಿದ. ಶೆಡ್ಡಿನ ತಗಡು ಅಲುಗುವ ಹಾಗೆ ನಕ್ಕೆವು. ಅಭ್ಯರ್ಥಿಗಳೂ ನಕ್ಕರು.

ಕೊನೆಗೆ ಮಿಸ್ ವರ್ಡಿ ಹಾಯ್ಟ್‌ನನ್ನು ಆ ಬಸ್ಸಿನ ಕನ್ನಡಿಯ ಕಣ್ಣಿನಿಂದ ನೋಡಿದರು. ಅವನು ಬಡಬಡನೆ ಕತ್ತರಿ ತಂದ. ಕತ್ತರಿಸಲು ಕೈಚಾಚಿದ್ದು ಕ್ಲಿಯೋ. "ಬೇರೆಯವ್ರು ಕತ್ತರಿಸಿದ್ರೆ ಸೊಟ್ಟ ಹೋಗುತ್ತೆ" ಎಂದು ಗೊಣಗಿ, ತಂಗಿಯ ಕೆಂಪು ಚೌಕಳಿ ಅಂಗಿಯ ಅಂಚನ್ನು ಗೆರೆ ಹಿಡಿದು ಕತ್ತರಿಸಿ, ತಾವೇ ಮೊಳೆ ಹೊಡೆದರು. ಮಿಸ್ ವರ್ಡಿ ಹಿಂದೆ ತಿರುಗಿ, ಬೆನ್ನಿಗೆ ಗಾಳಿ ಬಿಟ್ಟ ಅಂಗಿಯನ್ನು ಎಲ್ಲರಿಗೂ ತೋರಿಸಿ ಎರಡು ಹೆಜ್ಜೆ ಕುಣಿದುಬಿಟ್ಟರು.

ಆ ಗದ್ದಲದಲ್ಲಿ ಕ್ಲಿಯೋ ಮೇಜಿನ ಮೇಲಿದ್ದ ಬಂದೂಕನ್ನು ಎತ್ತಿ, ತೆರೆದು, ಖಾಲಿಯೆಂದು ನೋಡಿಕೊಂಡು, ಬೀಗ ಹಿಡಿದು ಜಗ್ಗಿದರು. ಬರಲಿಲ್ಲ. ಹಲ್ಲುಕಚ್ಚಿ ಜಗ್ಗಿದರು. ಹಾಯ್ಟ್ ಜಗ್ಗಿದ, ನಾನು ಜಗ್ಗಿದೆ. "ಇತ್ಲಾಗೆ ಕೊಡಿ" ಎಂದು ಬಟ್ಟಲು ಕೆಳಗಿಟ್ಟು ಬಂದ ಮಿಕ್ಸನ್ ಬೀಗ ಹಿಡಿದು, ಮುಖ ಬೀಟ್‌ರೂಟಾಗುವ ತನಕ ಎಳೆದ. ಪತ್ರಿಕೆಯ ಹುಡುಗಿ ಫೋಟೋ ಹೊಡೆದಳು. ಮುಂದಿನ ವಾರ ಅದು ಮುಖಪುಟದಲ್ಲೇ ಬಂತು, ಬಿಡಿ.

ಮನೆಗೆ ಬಂದವರೇ ಮಿಸ್ ವರ್ಡಿ ಕೊಟ್ಟ ಮಾತಿನಂತೆ ನೆಡ್ರಾಳ ಬೋರ್ಡು ಕಿತ್ತು ಮಿಕ್ಸನ್ನನದನ್ನು ನಿಲ್ಲಿಸಿದರು. ಬೀಗದ ಬಗ್ಗೆ ತುಟಿ ಬಿಚ್ಚಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಮರುದಿನ ಚರ್ಚಿನಿಂದ ಬರುವಾಗಲೂ ಇಲ್ಲ. ಕ್ಲಿಯೋ ಅಡಿಗೆಮನೆಯ ಬಾಗಿಲನ್ನು ಓಪಲ್ ತಳ್ಳಿ, ಅದರ ಹಿಂದಿಂದ "ಬ್ಬಾ!" ಎಂದು ಇಣುಕಿ ಕೇಕೆ ಹಾಕಿದಾಗಲೂ ಇಲ್ಲ, ಸುಮ್ಮನೆ ಎದ್ದುಹೋಗಿ ಮಗುವನ್ನು ಎತ್ತಿಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡರು.

ಕ್ಲಿಯೋ ಕೈಯಲ್ಲಿದ್ದ ಬಟಾಣಿ ಸುಲಿಯುವುದು ನಿಂತಿತು. ಬಾಗಿಲನ್ನು ನೋಡಿದರು, ಮಗುವನ್ನು ನೋಡಿದರು.

"ಏನಾದ್ರೂ ಹೇಳೇ."

"ಬಾಜಿ ಸೋತಿದೀನಕ್ಕಾ."

ಕ್ಲಿಯೋ ಎದ್ದು, ಬಂದೂಕಿನ ಗುಂಡು ಹೊರತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಮತ್ತೆ ಬಂದು ಕೂತರು. ಬಟಾಣಿ ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಆ ಹಾಳು ಬೀಗ ಎಲ್ಲಿ ಸಿಗುತ್ತೆ?"

"ಶೆರೀಫ್ ಕಚೇರಿಲಿ ಸುಮ್ನೇ ಕೊಡ್ತಾರೆ."

"ನಾಳೆ ಬೆಳಿಗ್ಗೇನೇ ಹೋಗೋಣ. ಓಟಾಗಿ ನಿನ್ನ ನೆಡ್ರಾ ಗಿಡ್ರಾ ಗೆದ್ದು ಕಾನೂನು ತಂದ್ಲು ಅಂದ್ರೆ, ಕ್ಲಿಯೋ ಹೆದರಿ ಬೀಗ ಹಾಕಿದ್ಲು ಅಂತಾರೆ ಜನ. ಅದಕ್ಕೆ ಮೊದ್ಲೇ ನಾನಾಗಿ ಹಾಕಿರ್ಬೇಕು, ತಿಳೀತಾ? ಬೋರ್ಡು ಮಾತ್ರ ಅಲ್ಲೇ ಇರುತ್ತೆ."

"ಇರ್ಲಿ ಬಿಡಕ್ಕಾ" ಎಂದರು ಮಿಸ್ ವರ್ಡಿ, ಮಗುವಿನ ತಲೆಯ ಮೇಲೆ ಗಲ್ಲ ಊರಿ. "ಟ್ರಕ್ಕು ನಾನು ಓಡಿಸ್ತೀನಿ. ನೀನು ಹಾರ್ನ್ ಮುಟ್ಟಬಾರ್ದು."