ಸದಾನಂದಣ್ಣನ ಫ್ರಿಜ್ಜಿಗೆ ನೆರಳು ಹುಡುಕಿ

ಆಗ ನಮಗೆ ಶುಕ್ರವಾರವೇ ರಜೆ. ಏಪ್ರಿಲ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ ಸಲಕರಣೆಯ ಚೀಲ ಹೆಗಲಿಗೇರಿಸಿ ದುಬೈಯ ಕರಾಮದ ರೂಮಿನಿಂದ ಹೊರಟೆ. ಅಬುಧಾಬಿಗೆ ಬಸ್ಸಿನಲ್ಲಿ ಇಪ್ಪತ್ತೈದು ದಿರ್ಹಮ್, ಎರಡು ಗಂಟೆ. ಅಲ್ಲಿ ಇಡ್ಲಿ ತಿಂದು ಲಿವಾ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮರಳು, ಕರೆಂಟಿನ ಕಂಬ, ಮತ್ತೆ ಮರಳು. ಫ್ರಿಜ್ ತಣ್ಣಗಾಗುತ್ತಿಲ್ಲ ಎಂದು ಸದಾನಂದಣ್ಣ ಮೂರು ವಾರದಿಂದ ಫೋನು ಮಾಡುತ್ತಿದ್ದರು. ಏಸಿ ರಿಪೇರಿಯ ಸೀಸನ್ ಎಂದು ನಾನು ಮುಂದೂಡುತ್ತಲೇ ಬಂದಿದ್ದೆ.

ಸದಾನಂದಣ್ಣ ನಮ್ಮ ಉಡುಪಿ ಕಡೆಯವರು, ಕರಾಮದಲ್ಲಿ ನನ್ನ ನೆರೆಯವರಾಗಿದ್ದರು. ಹೆಂಡತಿ ವನಜಕ್ಕ ತೀರಿಕೊಂಡ ಮೇಲೆ ಫ್ಲ್ಯಾಟ್ ಬಿಟ್ಟು, ಹಳೆಯ ಕ್ಯಾರವಾನ್ ಗಾಡಿಯೊಂದನ್ನು ಕೊಂಡು ಅದರಲ್ಲೇ ವಾಸವಾಗಿದ್ದರು. ಮರುಭೂಮಿಯ ಪ್ರವಾಸಿ ಡೇರೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಕರೆಂಟಿನ ತಂತಿ ಅಲ್ಲಿಗಿಲ್ಲ. ದೀಪ, ಫ್ಯಾನುಗಳಿಗೆ ಸೋಲಾರ್, ಫ್ರಿಜ್ಜು ಗ್ಯಾಸಿನ ಉರಿಯಿಂದ ನಡೆಯುವಂಥದ್ದು.

ಬಸ್ಸಿಳಿದಲ್ಲಿಗೆ ಪಿಕಪ್ ತಂದಿದ್ದರು. ತಲುಪಿದೊಡನೆ ಫ್ರೀಜರ್ ತೆರೆದು ತೋರಿಸಿದರು. ಒಳಗಿದ್ದದ್ದು ಒಂದೇ ಡಬ್ಬಿ. ಮೇಲೆ ವನಜಕ್ಕನ ಅಕ್ಷರದಲ್ಲಿ ‘ಕೋಳಿಗೆ’ ಎಂದಿತ್ತು. ಗಲ್ಫಿನ ನಮ್ಮ ಹೆಂಗಸರು ರಜೆಗೆ ಊರಿಗೆ ಹೋಗುವ ಮುಂಚೆ ಗಂಡನಿಗೆಂದು ಮಸಾಲೆ ಅರೆದು ಫ್ರೀಜರ್ ತುಂಬಿಸುತ್ತಾರೆ. ಹಾಗೆ ತುಂಬಿಸಿ ಹೋದ ವನಜಕ್ಕ ವಾಪಸ್ ಬರಲಿಲ್ಲ. ಕೊನೆಯ ಡಬ್ಬಿಯನ್ನು ಸದಾನಂದಣ್ಣ ಮೂರು ವರ್ಷ ಕಾಪಾಡಿದ್ದರು. ಈಗ ಒಳಗಿನ ಮಸಾಲೆ ಮೆತ್ತಗಾಗಿ ಹುಳಿ ವಾಸನೆ ಬರುತ್ತಿತ್ತು. ನಾನು ಅವರ ಮುಖ ನೋಡದೆ ಚೀಲ ಬಿಚ್ಚಿದೆ.

ಗ್ಯಾಸಿನ ಉರಿ ಸರಿಯಿತ್ತು. ಗಾಡಿ ವಾಲಿದರೂ ಇಂಥ ಫ್ರಿಜ್ ತಣ್ಣಗಾಗುವುದಿಲ್ಲ, ಆದರೆ ಅದು ಸಮತಟ್ಟಾಗಿಯೇ ನಿಂತಿತ್ತು. ಹೊರಗೆ ಸುತ್ತಿ ಬಂದಾಗ ಗೊತ್ತಾಯಿತು. ಫ್ರಿಜ್ಜಿನ ಬಿಸಿ ಹೊರಹೋಗುವ ಜಾಲರಿ ಪಶ್ಚಿಮಕ್ಕಿತ್ತು; ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಕೈ ಇಡಲಾಗಲಿಲ್ಲ. ಹಿಂದಿನ ಜಾಗದಲ್ಲಿ ಶೆಡ್ಡಿನ ನೆರಳಿತ್ತಂತೆ. ತಿಂಗಳ ಹಿಂದೆ ಇಲ್ಲಿಗೆ ಬಂದಾಗ ಬಾಗಿಲು ಪೂರ್ವಕ್ಕಿರಲಿ ಎಂದೇ ಅವರು ಗಾಡಿ ನಿಲ್ಲಿಸಿದ್ದರು. ಮನೆ ಗಾಲಿಯ ಮೇಲಿದ್ದರೂ ನಮ್ಮವರಿಗೆ ದಿಕ್ಕು ಬಿಡಲಾಗುವುದಿಲ್ಲ.

ಜಾಲರಿ ಉತ್ತರದ ನೆರಳಿಗೆ ಬರಬೇಕು ಎಂದೆ. ಹಾಗಾದರೆ ಬಾಗಿಲು ದಕ್ಷಿಣಕ್ಕೆ ಬರುತ್ತದೆ. ಯಮನ ದಿಕ್ಕಿಗೆ ಬಾಗಿಲಿಡಲು ನಮ್ಮೂರಿನಲ್ಲಿ ಯಾರೂ ಒಪ್ಪುವುದಿಲ್ಲ, ವನಜಕ್ಕನಂತೂ ಅಂಥ ಫ್ಲ್ಯಾಟುಗಳನ್ನು ನೋಡಲೂ ಹೋದವರಲ್ಲ. ಸದಾನಂದಣ್ಣ ಮೆಟ್ಟಿಲ ಮೇಲೆ ಕೂತು ದಕ್ಷಿಣದ ಮರಳಿನ ಕಡೆ ನೋಡಿದರು.

“ಅವಳು ಹೋದದ್ದು ಆ ಕಡೆಗೇ ಅಲ್ಲವಾ,” ಎಂದರು. “ತಿರುಗಿಸುವ.”

ಚಕ್ರಗಳ ಸುತ್ತ ಮರಳು ತೋಡಿ, ಹಲಗೆ ಕೊಟ್ಟು, ಪಿಕಪ್ಪಿನಿಂದ ಎಳೆದು ಗಾಡಿ ತಿರುಗಿಸುವಾಗ ಸಂಜೆಯಾಯಿತು. ಗಂಜಿ, ಉಪ್ಪಿನಕಾಯಿ ಉಂಡು ಮಲಗಿದೆವು.

ಶನಿವಾರ ಬೆಳಿಗ್ಗೆ ಡಬ್ಬಿ ಕಲ್ಲಿನಂತಾಗಿತ್ತು. ಅವರು ಅದನ್ನು ನನ್ನ ಕೈಗೆ ಕೊಟ್ಟರು. ಸುಮ್ಮನಿರಬಹುದಿತ್ತು, ಆಗಲಿಲ್ಲ. ಹುಳಿ ಬಂದದ್ದು ಮತ್ತೆ ಹೆಪ್ಪುಗಟ್ಟಿದರೂ ಸರಿಯಾಗುವುದಿಲ್ಲ, ಇನ್ನು ತಿನ್ನುವಂತಿಲ್ಲ, ಮೊದಲೇ ಬರಬೇಕಿತ್ತು, ತಪ್ಪು ನನ್ನದು ಎಂದೆ.

“ತಿನ್ನಲಿಕ್ಕೆ ಇಟ್ಟದ್ದಲ್ಲ ಮಾರಾಯ,” ಎಂದರು. “ಬೆಳಿಗ್ಗೆ ತೆಗೆದು ನೋಡುವಾಗ ಇರಬೇಕು, ಅಷ್ಟೆ.”

ಡಬ್ಬಿ ಒಳಗಿಟ್ಟು, ಫ್ರಿಜ್ಜಿನ ಬಾಗಿಲನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ ನನ್ನನ್ನು ಬಸ್ಸಿಗೆ ಬಿಡಲು ಪಿಕಪ್ ಹತ್ತಿದರು. ದಿಬ್ಬ ಇಳಿಯುವ ಮುಂಚೆ ತಿರುಗಿ ನೋಡಿದೆ. ಗಾಡಿಯ ಬಾಗಿಲು ದಕ್ಷಿಣಕ್ಕೆ ಪೂರ್ತಿ ತೆರೆದುಕೊಂಡಿತ್ತು. ಮುಚ್ಚಲು ಮರೆತಿರಾ ಎಂದು ಕೇಳಿದೆ.

ಇರಲಿ ಎಂದರು.