ಎಡಗಡೆಯ ನೋಟ

ನಮ್ಮ ಯಜಮಾನರಿಗೆ ಲಕ್ವಾ ಹೊಡೆದದ್ದು ತೊಂಬತ್ತರ ದಶಕದಲ್ಲಿ, ಎಳ್ಳಮವಾಸ್ಯೆ ಕಳೆದ ಮೇಲೆ. ಆಗ ನಾವು ಆಳಂದದಲ್ಲಿದ್ದೆವು. ಕೈಕಾಲು ಬೇಗ ತಿರುಗಿ ಬಂದವು, ಮಾತೂ ಬಂತು. ದೇವರು ದೊಡ್ಡವನು ಎಂದು ಕಾಯಿ ಒಡೆಸಿದೆ.

ಆದರೆ ಊಟಕ್ಕೆ ಕೂತರೆ ತಾಟಿನ ಎಡಭಾಗ ಹಾಗೇ ಉಳಿಯುತ್ತಿತ್ತು.

"ಯಾಕ್ರಿ, ಪುಂಡಿಪಲ್ಯಾ ಬ್ಯಾಡಾತೇನು?"

"ನೀ ಎಲ್ಲಿ ಹಾಕೀದಿ?"

ತಾಟು ತಿರುಗಿಸಿ ಇಟ್ಟೆ. "ಹಾಂ, ಈಗ ಬಂತು ನೋಡು," ಅಂದರು.

ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಕಣ್ಣು ಚೆನ್ನಾಗಿಯೇ ಇವೆ, ಮೆದುಳಿನಲ್ಲಿ ನೋಟದ ಜಾಗಕ್ಕೆ ಪೆಟ್ಟಾಗಿದೆ, ಅದಕ್ಕೆ ಎರಡೂ ಕಣ್ಣಿಗೆ ಎಡಗಡೆಯದು ಕಾಣುವುದಿಲ್ಲ ಎಂದರು ಡಾಕ್ಟರು.

"ಔಷಧ ಇಲ್ಲೇನ್ರಿ?"

"ಪರದೇಶದಾಗ ತಲಿ ಕೊಯ್ಯದೇ, ಹೊರಗಿಂದ ಅಯಸ್ಕಾಂತದ ಮಷೀನ್ ಹಿಡಿದು ಮೆದುಳು ಎಬ್ಬಸಲಿಕ್ಕೆ ನೋಡಾಕತ್ತಾರವ್ವ. ನಮ್ಮ ಕಡೆ ಬಂದಿಲ್ಲ. ಬಂದರೂ ನೋಟ ಬರ್ತದಂತ ಹೇಳಲಿಕ್ಕೆ ಆಗಂಗಿಲ್ಲ. ನೀವು ಎಡಗಡಿಂದ ಕರೀರಿ, ಕುತ್ತಿಗಿ ಹೊಳ್ಳಿಸಿ ನೋಡೋ ರೂಢಿ ಆಗಲಿ."

ಇಷ್ಟೆಲ್ಲ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಅಯಸ್ಕಾಂತ ಒಂದೇ. ಕರಜಗಿಯಲ್ಲಿದ್ದ ಯಜಮಾನರ ಅಕ್ಕನಿಗೆ ಹೇಳಿ ಕಳಿಸಿದೆ. ಅವರು ಕೆಟ್ಟ ರೇಡಿಯೋದೊಳಗಿನ ಅಯಸ್ಕಾಂತ ಬಿಚ್ಚಿಸಿ, ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟರು.

"ತೊಗೋ ಬೇ, ಪರದೇಶದ್ದು ಯಾಕ ಬೇಕು?"

ತಲೆಯ ಹಿಂದೆ ಇಟ್ಟು ರುಮಾಲಿನಿಂದ ಬಿಗಿದು ಕಟ್ಟಿದರು. ಯಜಮಾನರಿಗೆ ನಗು. "ಅಕ್ಕಾ, ಇನ್ನ ನನ್ನ ತಲ್ಯಾಗ ಕಲಬುರಗಿ ರೇಡಿಯೋ ಸ್ಟೇಷನ್ ಹತ್ತತದ!"

"ಸುಮ್ಮ ಕುಂದ್ರಲೇ, ಹುಚ್ಚ."

ನಾನು ಮಾತ್ರ ನಗಲಿಲ್ಲ. ದೇವರ ಮುಂದೆ ದೀಪ ಹಚ್ಚಿ, ಅಡುಗೆಮನೆಯಿಂದ ಅವರ ಎಡಗಡೆಗೆ ಬಂದು ನಿಂತೆ.

"ಬಂದ್ಯೇನು?" ಅಂದರು, ಮುಂದೆ ನೋಡುತ್ತಲೇ.

"ಕಂಡ್ನೇನ್ರಿ?"

"ಇಲ್ಲ. ಬಳಿ ಸಪ್ಪಳ ಕೇಳ್ತು."

ಒಳಗೆ ಹೋಗಿ ಬಳೆಗಳನ್ನು ಮೊಣಕೈತನಕ ಏರಿಸಿಕೊಂಡೆ. ಉಸಿರು ಹಿಡಿದು ಮತ್ತೆ ಬಂದು ನಿಂತೆ. ಅವರು ಅಕ್ಕನ ಜೊತೆ ಕರಜಗಿಯ ಕಬ್ಬಿನ ಮಾತಾಡುತ್ತಿದ್ದರು. ಎಷ್ಟೋ ಹೊತ್ತು ನಿಂತೆ. ಅವರ ಪಾಲಿಗೆ ನಾನು ಅಲ್ಲಿ ಇರಲೇ ಇಲ್ಲ. ಸಂಜೆಗೆ ನಾನೇ ರುಮಾಲು ಬಿಚ್ಚಿದೆ.

ಆಮೇಲೆ ಡಾಕ್ಟರು ಹೇಳಿದ್ದನ್ನೇ ಹಿಡಿದೆ. ಚಹಾ ಕೊಡುವಾಗ ಎಡಗಡೆಯಿಂದ ಕರೆಯುವುದು, ಬಜಾರಕ್ಕೆ ಹೋದರೆ ಎಡಕ್ಕೇ ನಡೆಯುವುದು. ನೋಟ ಬರಲಿಲ್ಲ. ಕುತ್ತಿಗೆ ಹೊಳ್ಳಿಸಿ ನೋಡುವುದು ಬಂತು. ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಳ್ಳುವುದು ನಿಂತಿತು. ಅದೂ ದೇವರ ದಯೆಯೇ. ಆದರೂ ಒಮ್ಮೆ, ಕರೆಯದೆ, ಹೊಳ್ಳದೆ, ಮೊದಲಿನ ಹಾಗೆ ಅವರ ಕಣ್ಣಿಗೆ ನಾನು ತಾನಾಗಿ ಬೀಳಬೇಕು ಎಂಬ ಆಸೆ ಹೋಗಲಿಲ್ಲ.

ಮುಂದಿನ ಶ್ರಾವಣದಲ್ಲಿ ಮನೆಯಲ್ಲಿ ಪೂಜೆ ಇಟ್ಟುಕೊಂಡೆವು. ನಮ್ಮ ಪದ್ಧತಿಯಂತೆ ನಾನು ಅವರ ಎಡಕ್ಕೆ ಕೂತೆ. ಮಂತ್ರದ ನಡುನಡುವೆ ಅವರು ಕುತ್ತಿಗೆ ಹೊಳ್ಳಿಸಿ ನನ್ನ ಕಡೆ ನೋಡುತ್ತಿದ್ದರು. ಪೂಜೆ ಮಾಡಿಸುತ್ತಿದ್ದ ಅಯ್ಯನವರಿಗೆ ಬೇಸರವಾಯಿತು.

"ಯಜಮಾನ್ರ, ಮುಂದ ದೇವರ ಕಡಿ ನೋಡ್ರಿ."

"ದೇವರು ಕಾಣ್ತಾನ್ರಿ. ಇಕಿನ್ನ ಹುಡಕಬೇಕಾಗ್ತದ."

ಮಂದಿಯೆಲ್ಲ ನಕ್ಕರು. ನಾನು ಸೆರಗು ಮುಂದೆಳೆದುಕೊಂಡು, ಅವರು ಇನ್ನೊಮ್ಮೆ ಹೊಳ್ಳುವುದನ್ನು ಕಾಯುತ್ತ ಕೂತೆ.