ನೋವಿಲ್ಲ ಅಂದವರ ಹೆಂಡತಿ

ಮೊದಲು ಚಪ್ಪಲಿ ಕಾಲಿಗೆ ಹಿಡಿಯಲಿಲ್ಲ.

ನಮ್ಮವರ ಪಾದ ಮೊದಲೇ ದೊಡ್ಡವು. ರಾಣೆಬೆನ್ನೂರಿನ ಅಂಗಡಿಗಳಲ್ಲಿ ಅವರ ಅಳತೆಯ ಚಪ್ಪಲಿ ಸಿಗುವುದೇ ಕಷ್ಟ. ಸಿಕ್ಕ ಒಂದು ಜೋಡಿಯೂ ಅವತ್ತು ಮುಂಜಾನೆ ಕಾಲಿಗೆ ಏರಲಿಲ್ಲ. "ಏನ್ರೀ, ಕಾಲು ಯಾಕ ಹಿಂಗ ಬಾತಾವ?" ಅಂದೆ.

"ಏನಿಲ್ಲ, ಚೊಲೋ ಅದೀನಿ" ಅಂದರು. ನನ್ನ ಗಂಡ ಕಲಿತ ಮೊದಲ ಕನ್ನಡ ಮಾತು ಅದು.

ಇದ್ರಿಸ್ ಘಾನಾ ದೇಶದವರು. ತಮ್ಮೂರು ಕುಮಾಸಿ ಬಿಟ್ಟು ವಿಯೆಟ್ನಾಂ, ಢಾಕಾ, ಕೋಲ್ಕತ್ತಾ, ಗೋವಾ ಅಂತ ಹನ್ನೊಂದು ಕ್ಲಬ್ಬಿಗೆ ಫುಟ್‌ಬಾಲ್ ಆಡಿದವರು. ಡಿಫೆಂಡರ್. ಗೋಲು ಹೊಡೆಯಲು ಬಂದವರ ಕಾಲಿಗೆ ಅಡ್ಡ ಬೀಳುವ ಕೆಲಸ. ನನ್ನ ಅಬ್ಬಾ ಗೋವಾದ ವಾಸ್ಕೋದಲ್ಲಿ ಟೈರ್ ಅಂಗಡಿ ಇಟ್ಟಿದ್ದರು, ಅಲ್ಲೇ ನಮ್ಮ ನಿಕಾಹ್ ಆಯಿತು. ಮೊಣಕಾಲು ಸೋತ ಮೇಲೆ ನನ್ನ ಊರು ರಾಣೆಬೆನ್ನೂರಿಗೆ ಬಂದು ಶಾಲೆಯೊಂದರಲ್ಲಿ ಕೋಚ್ ಆದರು. ಭಾನುವಾರ ಬ್ಯಾಡಗಿಗೂ ಹೋಗಿ ಆಟ ಕಲಿಸುತ್ತಿದ್ದರು.

ಬ್ಯಾಡಗಿಯಿಂದ ಬಂದ ದಿನ ಏದುಸಿರು. ಅಂಗಾತ ಮಲಗಲು ಆಗದೆ ಗೋಡೆಗೆ ಒರಗಿ ಕೂರುವರು. ಕೇಳಿದರೆ ಮೆಣಸಿನಕಾಯಿ ಘಾಟು ಅನ್ನುವರು. ನಾನೂ ನಂಬಿದೆ. ಸೀಸನ್ನಿನಲ್ಲಿ ಬ್ಯಾಡಗಿಯಲ್ಲಿ ಬಸ್ಸು ಇಳಿದರೆ ಯಾರಿಗೆ ಕೆಮ್ಮು ಬರುವುದಿಲ್ಲ? ಎರಡು ತಿಂಗಳು ಒಣಮೆಣಸಿನಕಾಯಿಯನ್ನೇ ಬೈಯುತ್ತ ಕಳೆದೆ, ಹುಚ್ಚಿ ನಾನು.

ಹಾವೇರಿಯ ಆಸ್ಪತ್ರೆಯಲ್ಲಿ ರಿಪೋರ್ಟ್ ಬಂತು. ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ಹನ್ನೆರಡು.

ಎರಡೂ ಕಿಡ್ನಿ ಹೋಗಿದ್ದವು.

ಉಸಿರು ಕಟ್ಟಿಸುತ್ತಿದ್ದುದು ಎದೆಯಲ್ಲಿ ತುಂಬಿದ ನೀರು. ಡಾಕ್ಟರ್ ಮೇಡಂ ಕೇಳಿದರು, "ನೋವಿನ ಗುಳಿಗಿ ಕಿಡ್ನಿ ತಿಂತಾವ್ರಿ, ಎಷ್ಟ ವರ್ಷದಿಂದ ತಗೊಳ್ಳಾಕತ್ತೀರಿ?"

"ಇಲ್ಲ ಡಾಕ್ಟರ್. ನೋವಿಲ್ಲ." ಮುಖದ ತುಂಬ ನಗು.

ಮನೆಗೆ ಬಂದು ಅವರ ಹಳೆಯ ಕಿಟ್ ಬ್ಯಾಗ್ ಸುರುವಿದೆ. ಬೂಟಿನ ಒಳಗೆ, ಸಾಕ್ಸಿನ ಒಳಗೆ, ಎಲ್ಲಿ ನೋಡಿದರೂ ಗುಳಿಗೆಯ ಖಾಲಿ ಪಟ್ಟಿಗಳು, ಒಂದೊಂದರ ಮೇಲೂ ಒಂದೊಂದು ದೇಶದ ಅಕ್ಷರ. ಎಲ್ಲ ಅವರ ಮುಂದೆ ಒಗೆದು, "ಇವೇನು, ಪೆಪ್ಪರಮೆಂಟೇನು?" ಅಂತ ಚೀರಿದೆ.

ಆಗ ಹೇಳಿದರು. ಹತ್ತೊಂಬತ್ತನೆಯ ವಯಸ್ಸಿಗೆ ಮೊದಲ ಸಲ ಊರು ಬಿಟ್ಟು ಟುನೀಶಿಯಾಕ್ಕೆ ಹೋದಾಗ, ಕ್ಲಬ್ಬಿಗೆ ಸೇರುವ ಮುಂಚಿನ ಮೆಡಿಕಲ್ ತಪಾಸಣೆಯಲ್ಲಿ ಡಾಕ್ಟರ್ ಮೊಣಕಾಲು ಒತ್ತಿ ನೋವೇ ಎಂದನಂತೆ. ಸ್ವಲ್ಪ ಅಂದರಂತೆ. ಮರುದಿನವೇ ವಾಪಸ್ ಟಿಕೆಟ್ ಕೈಗೆ ಕೊಟ್ಟು ಕಳಿಸಿದರು. ಅಂದಿನಿಂದ ಯಾವ ದೇಶದ ಡಾಕ್ಟರ್ ಎಲ್ಲಿ ಒತ್ತಿದರೂ ಇವರು ನಕ್ಕರು. ಆಟದ ಮೊದಲು ಇಂಜೆಕ್ಷನ್, ಆಟ ಮುಗಿದ ಮೇಲೆ ಗುಳಿಗೆ. ಆ ಕ್ಲಬ್ಬಿನವರ ಮನೆ ಹಾಳಾಗ! ಕಾಲು ಅವರು ಬಳಸಿಕೊಂಡರು, ಕಿಡ್ನಿ ನನ್ನ ಪಾಲಿಗೆ ಬಿಟ್ಟರು. ಹನ್ನೊಂದು ಕ್ಲಬ್ಬಿನವರಲ್ಲಿ ಒಬ್ಬರೂ ಫೋನ್ ಮಾಡಿ ಹೇಗಿದ್ದಿ ಅಂತ ಕೇಳಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಹಾವೇರಿಗೆ ಡಯಾಲಿಸಿಸ್. ದಿನಕ್ಕೆ ಮೂರು ಲೋಟ ನೀರು. ಕಾಯಿಪಲ್ಯ ಬೇಯಿಸಿ ನೀರು ಬಸಿದು ಚೆಲ್ಲಬೇಕು, ಉಪ್ಪಿಲ್ಲ. ಶಾಲೆಯ ಕೆಲಸ ಹೋಯಿತು. ಬಸ್ಸಿನಲ್ಲಿ ಜನ ಇವರನ್ನು ದಿಟ್ಟಿಸಿ ನೋಡಿ "ಎಲ್ಲಿಯವರ್ರಿ?" ಅನ್ನುತ್ತಾರೆ. "ರಾಣೆಬೆನ್ನೂರವರು" ಅಂತ ಬಿರುಸಾಗಿ ಹೇಳಿ ಮುಖ ತಿರುಗಿಸುತ್ತೇನೆ.

ಮಶಿನ್ನಿಗೆ ಹಾಕಿದಾಗ ಟೆಕ್ನಿಷಿಯನ್ ಅರ್ಧ ತಾಸಿಗೊಮ್ಮೆ ಬಂದು ವಿಚಾರಿಸುತ್ತಾನೆ. "ತಲಿ ತಿರಗತೈತೇನ್ರಿ? ಮೀನಖಂಡ ಹಿಡದಾವೇನು?"

"ಏನಿಲ್ಲ, ಚೊಲೋ ಅದೀನಿ."

ಮೂರನೇ ವಾರ ಹಾಗೆ ಅನ್ನುತ್ತಲೇ ಕಣ್ಣು ಮೇಲಾದವು.

ಬಿಪಿ ಸಿಗಲಿಲ್ಲ.

ಕಾಲು ಎತ್ತರಿಸಿ, ಸಲೈನ್ ಬಿಟ್ಟು, ಹೇಗೋ ಉಳಿಸಿದರು. ಮೇಡಂ ನನ್ನನ್ನು ಹೊರಗೆ ಕರೆದರು. "ಎಲ್ಲಾ ಮಶಿನ್ನ ಹೇಳೂದಿಲ್ರಿ. ಇವರು ಬಾಯಿ ಬಿಡಲಿಲ್ಲಂದ್ರ ಒಂದಿನ ಇದ ಬೆಡ್ ಮ್ಯಾಲ ಹೋಗ್ತಾರ."

ವಾಪಸ್ ಬರುವಾಗ ಬಸ್ಸಿನಲ್ಲೇ ಜಗಳ ತೆಗೆದೆ, ಎಲ್ಲರೂ ಕೇಳಿದರೆ ಕೇಳಲಿ ಅಂತ. "ನೋವಾದ್ರ ನನಗರ ಹೇಳ್ರಿ. ನಾ ಏನ್ ನಿಮ್ಮ ಕ್ಲಬ್ಬಿನ ಮ್ಯಾನೇಜರ್ರೇನು?" ಖರೇ ಹೇಳಬೇಕೆಂದರೆ, ಆ ಸಿಟ್ಟು ಇನ್ನೂ ಇಳಿದಿಲ್ಲ. ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳನ್ನೂ ಮೆಡಿಕಲ್ ಮಾಡಲು ಬಂದವಳಂತೆ ಕಂಡು ನಗುತ್ತಲೇ ಇದ್ದರಲ್ಲ, ಅದನ್ನು ಹೇಗೆ ನುಂಗಲಿ?

ಕಳೆದ ಮಂಗಳವಾರ, ಮೂರನೇ ತಾಸು. ಟೆಕ್ನಿಷಿಯನ್ ಕೇಳಿದ. ಅವರು ನಕ್ಕರು. ನನ್ನ ಕಡೆ ನೋಡಿದರು. ನಗು ನಿಂತಿತು.

"ನೋವೈತಿ."

ಮೀನಖಂಡ ತೋರಿಸಿದರು. ಆಮೇಲೆ ಮೊಣಕಾಲು. ಆಮೇಲೆ ಸೊಂಟ, ಎದೆ.

ಮಶಿನ್ ನಿಧಾನ ಮಾಡಿದರು. ನಾನು ಅಳುತ್ತ ಕಾಲು ತಿಕ್ಕಿದೆ. ಮೇಡಂ ಬಂದು, ನೋಡಿ, ಫೈಲಿನಲ್ಲಿ ಬರೆಯತೊಡಗಿದಾಗ ಇವರು ನನ್ನ ಕೈ ಬಿಗಿಯಾಗಿ ಹಿಡಿದರು.

"ಡಾಕ್ಟರ್, ಈಗ ನನ್ನ ವಾಪಸ್ ಕಳಸ್ತೀರೇನು?"

ಮೇಡಂ ಪೆನ್ನು ನಿಲ್ಲಿಸಿದರು. "ಎಲ್ಲಿಗ್ರಿ ಕಳಸೂದು? ಶುಕ್ರವಾರ ಎಂಟಕ್ಕ ಬರ್ರಿ."

ಶುಕ್ರವಾರ ಏಳೂವರೆಗೇ ಹೋಗಿ ಕುಳಿತಿದ್ದೆವು.